ಕೂಸು ಮಲಗುವ ಕೋಣೆಗೆ ಹೊಗೆ ಸೋಕದ ಹಾಗೆ ನೋಡಿಕೊಳ್ಳುವುದು

"ನಮ್ಮ ಮನೇಲಿ ಯಾರೂ ಒಳಗೆ ಸೇದಲ್ಲ, ಜಗಲಿ ಮೇಲೆ ಕೂತು ಸೇದಿ ಬರ್ತಾರೆ" ಎನ್ನುವ ಮನೆಗಳು ಬಹಳ. ಒಳಗೆ ಸೇದುವುದಕ್ಕಿಂತ ಅದು ವಾಸಿ, ನಿಜ. ಆದರೆ ಹಾಗೆ ಸೇದಿ ಬಂದವರು ರಾತ್ರಿ ಕೂಸಿನ ಪಕ್ಕದಲ್ಲೇ ಮಲಗಿದರೆ ಅಪಾಯ ತಪ್ಪಲಿಲ್ಲ. ಆಸ್ಪತ್ರೆಯಿಂದ ಮಗು ಮನೆಗೆ ಬರುವ ಮುಂಚೆಯೇ ತೀರ್ಮಾನ ಆಗಬೇಕಾದ ಮಾತು ಇದು: ಬೀಡಿ, ಸಿಗರೇಟು ಸೇದುವವರು ಯಾರೇ ಆಗಲಿ, ಎಲ್ಲೇ ಸೇದಲಿ, ಕೂಸಿನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಬಾರದು.

ಚೆನ್ನಾಗಿಯೇ ಇದ್ದ ಕೂಸು ನಿದ್ದೆಯಲ್ಲೇ ತೀರಿಕೊಂಡು, ಪರೀಕ್ಷೆ ಮಾಡಿದರೂ ಕಾರಣ ಸಿಗದಿದ್ದರೆ ವೈದ್ಯರು ಅದನ್ನು ಸಿಡ್ಸ್ ಎನ್ನುತ್ತಾರೆ. ಒಂದರಿಂದ ನಾಲ್ಕು ತಿಂಗಳ ನಡುವೆ ಇದು ಹೆಚ್ಚು. ಬಹುಪಾಲು ಆರು ತಿಂಗಳೊಳಗೇ ಆಗುತ್ತದೆ. ಮೂಗಿಗೆ ಬಟ್ಟೆ ಅಡ್ಡ ಬಂದರೆ, ಉಸಿರು ಕಟ್ಟಿದರೆ, ಮಗು ಎಚ್ಚೆತ್ತು ತಲೆ ಹೊರಳಿಸಬೇಕು, ಅಳಬೇಕು. ಹೊಟ್ಟೆಯಲ್ಲಿದ್ದಾಗಲೋ ಹುಟ್ಟಿದ ಮೇಲೋ ತಂಬಾಕಿನಲ್ಲಿರುವ ನಿಕೋಟಿನ್ ತಾಗಿದ ಮಕ್ಕಳಲ್ಲಿ ಹೀಗೆ ಎಚ್ಚರಗೊಳ್ಳುವ ಶಕ್ತಿಯೇ ಮಂದವಾಗಿರುತ್ತದೆ. ಅದರ ಮೇಲೆ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹಸುಗೂಸು 30ರಿಂದ 60 ಸಲ ಉಸಿರಾಡುತ್ತದೆ. ಮೈ ಚಿಕ್ಕದು, ಒಳಗೆಳೆಯುವ ಹೊಗೆ ಹೆಚ್ಚು. ನ್ಯುಮೋನಿಯಾ, ಗೊರಗೊರ ಉಬ್ಬಸ, ಕಿವಿ ಸೋರುವುದು ಇಂಥ ಮನೆಗಳ ಮಕ್ಕಳಲ್ಲಿ ಜಾಸ್ತಿ.

ಮಲಗುವ ಜಾಗ

ಮಂಡ್ಯದ ಹಳ್ಳಿ ಮನೆಯಾಗಲಿ, ಮೈಸೂರಿನ ವಠಾರದ ಎರಡು ಕೋಣೆಯಾಗಲಿ, ಎಲ್ಲರೂ ಸಾಲಾಗಿ ಚಾಪೆ ಹಾಸಿ ಮಲಗುವುದು ವಾಡಿಕೆ. ಆ ಸಾಲಿನಿಂದ ಕೂಸನ್ನು ಬೇರೆ ಮಾಡಿ, ಕೋಣೆಯಿಂದಲ್ಲ. ತಾಯಿಯ ಕೈಗೆ ಎಟುಕುವಷ್ಟು ಹತ್ತಿರ, ಅದರದೇ ಗಟ್ಟಿ, ಸಮತಟ್ಟಾದ ಹಾಸಿಗೆ. ಕೈಯಿಂದ ಒತ್ತಿದರೆ ಗುಳಿ ಬೀಳುವ ಹತ್ತಿ ಹಾಸಿಗೆ ಬೇಡ. ಮರದ ತೊಟ್ಟಿಲಾದರೆ ತಳ ಸಮವಾಗಿದೆಯೇ ನೋಡಿಕೊಳ್ಳಿ. ಸೀರೆಯ ಜೋಲಿಯಲ್ಲಿ ಮಗುವಿನ ಗದ್ದ ಎದೆಗೆ ಒತ್ತಿಕೊಂಡು ಉಸಿರಿನ ದಾರಿ ಕಿರಿದಾಗಬಹುದು. ಅದರಲ್ಲಿ ರಾತ್ರಿಯೆಲ್ಲ ಮಲಗಿಸಬೇಡಿ. ನಿದ್ದೆ ಹತ್ತಿದ ಮೇಲೆ ಎತ್ತಿ ಹಾಸಿಗೆಗೆ ಹಾಕಿ.

ಹಗಲಾಗಲಿ ರಾತ್ರಿಯಾಗಲಿ ಬೆನ್ನ ಮೇಲೇ ಮಲಗಿಸಿ. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬು, ಪಕ್ಕಕ್ಕೆ ಒತ್ತಿಡುವ ಪುಟ್ಟ ದಿಂಬು, ಮುಖದವರೆಗೆ ಹೊದಿಸುವ ದುಪ್ಪಟಿ ಎಲ್ಲವನ್ನೂ ತೆಗೆಯಿರಿ. ಮಲಗಿರುವಾಗ ಕುಲಾವಿಯೂ ಬೇಡ. ಮಕ್ಕಳ ಮೈ ಬಿಸಿ ಹೆಚ್ಚಾಗಿ ಹೋಗುವುದು ತಲೆಯಿಂದ, ಮೈ ವಿಪರೀತ ಕಾದರೂ ಸಿಡ್ಸ್ ಅಪಾಯ ಏರುತ್ತದೆ. ಕತ್ತಿನ ಹಿಂದೆ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ.

ಸೇದುವವರಿಗೆ

ಬಿಡುವುದೇ ಸರಿಯಾದ ದಾರಿ. ಬಿಡುವವರೆಗೆ ಮಾತ್ರ ಈ ಕ್ರಮ.

ಜಗಲಿ, ಬಾಲ್ಕನಿ, ಬಚ್ಚಲು ಲೆಕ್ಕಕ್ಕಿಲ್ಲ. ಬಾಗಿಲಿನಿಂದ ಹತ್ತು ಹೆಜ್ಜೆಯಾದರೂ ಆಚೆ ಹೋಗಿ, ಹೋಗುವಾಗ ಬಾಗಿಲು ಮುಚ್ಚಿ. ಕಿಟಕಿ ತೆಗೆದು ಫ್ಯಾನ್ ಹಾಕಿಕೊಂಡು ಒಳಗೆ ಸೇದಿದರೆ ಹೊಗೆ ಮನೆಯೆಲ್ಲ ಹರಡುತ್ತದೆ. ಕಣ್ಣಿಗೆ ಕಾಣದ ಭಾಗ ಎರಡು ಮೂರು ಗಂಟೆ ಗಾಳಿಯಲ್ಲೇ ಇರುತ್ತದೆ. ಹೊರಗೆ ಮೊಳೆಗೆ ಒಂದು ಹಳೇ ಶರ್ಟು ತೂಗುಹಾಕಿ, ಸೇದುವಾಗ ಅದನ್ನೇ ತೊಡಿ. ಮುಗಿದ ಮೇಲೆ ಅದು ಹೊರಗೇ ಇರಲಿ. ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದು, ಮುಖ ತೊಳೆದು, ಬಾಯಿ ಮುಕ್ಕಳಿಸಿ. ಬೀಡಿ ಆರಿದ ಮೇಲೂ ಒಂದಷ್ಟು ಹೊತ್ತು ಉಸಿರಿನಲ್ಲಿ ಹೊಗೆಯ ಅಂಶ ಬರುತ್ತಲೇ ಇರುತ್ತದೆ, ಆದ್ದರಿಂದ ಅರ್ಧ ಗಂಟೆ ಬಿಟ್ಟು ಮಗು ಎತ್ತಿಕೊಳ್ಳಿ. ಬಾಣಂತಿ ತವರಿನಲ್ಲಿದ್ದು, ಶನಿವಾರ ಬೆಂಗಳೂರಿನಿಂದ ಬರುವ ಗಂಡ ಬಸ್ಸಿಳಿದು ಒಂದು ಸೇದಿ ನೇರ ಕೂಸಿನ ಹತ್ತಿರ ಹೋಗುತ್ತಾನೆ. ಅವನಿಗೆ ಇದನ್ನು ಫೋನಿನಲ್ಲೇ ಮೊದಲು ಹೇಳಿಬಿಡಿ. ಬಾಗಿಲಲ್ಲಿ ನಿಲ್ಲಿಸಿ ಹೇಳಿದರೆ ಎಲ್ಲರಿಗೂ ಮುಜುಗರ. ಬೀಡಿ ತುಂಡು ಅಂಗಳದಲ್ಲಿ ಬಿಸಾಡಬೇಡಿ, ಅಂಬೆಗಾಲಿಡುವ ಮಗು ನುಂಗಿದರೆ ಅದು ವಿಷ.

ಮೊದಲಿಂದ ಸೇದುತ್ತಿದ್ದ ಕೋಣೆಯಾದರೆ ಗೋಡೆ, ಪರದೆ, ಹಾಸಿಗೆಯಲ್ಲಿ ನಿಕೋಟಿನ್ ಅಂಟಿರುತ್ತದೆ. ಹೆರಿಗೆಗೆ ಒಂದು ತಿಂಗಳ ಮುಂಚೆ ಪರದೆ, ಹೊದಿಕೆ ಒಗೆದು, ಗೋಡೆ ನೆಲವನ್ನು ಸೋಪಿನ ಬಿಸಿನೀರಿನಲ್ಲಿ ಒರೆಸಿ. ತೊಳೆಯದೆ ಸುಣ್ಣ, ಬಣ್ಣ ಬಳಿದರೆ ಅಂಟು ಅದರಡಿಯಿಂದ ಮತ್ತೆ ಹೊರಬರುತ್ತದೆ.

ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳಿಗೆ ಇನ್ನೊಂದು ಮಾತು. ಹಸಿ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುತ್ತದೆ. ಎಲೆ ಕಿತ್ತು, ಕಡ್ಡಿಗೆ ಕಟ್ಟಿ ಬಂದ ತಾಯಿ ಸ್ನಾನ ಮಾಡಿ, ಬಟ್ಟೆ ಬದಲಿಸಿ ಆಮೇಲೆ ಹಾಲು ಕೊಡಲಿ. ಎಲೆ ಒಣಗಿಸುವ ಬ್ಯಾರನ್ ಪಕ್ಕದಲ್ಲಿ, ಸೊಪ್ಪು ಕಟ್ಟುವ ಚಪ್ಪರದಲ್ಲಿ ಜೋಲಿ ಕಟ್ಟಬೇಡಿ.

ತಂಬಾಕಲ್ಲದ ಹೊಗೆ

ಇದನ್ನು ಹೇಳಿದರೆ ಅಜ್ಜಿಯರಿಗೆ ನೋವಾಗುತ್ತದೆ, ಆದರೂ ಹೇಳಲೇಬೇಕು. ಎಣ್ಣೆನೀರಾದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೂಸಿಗೆ ಹಿಡಿಯುವುದು ಬೇಡ. ತಲೆ ಒಣಗಿಸಲು ಮೆತ್ತನೆಯ ಒಣ ಬಟ್ಟೆ ಸಾಕು. ಪೂಜೆಗೆ ಊದುಬತ್ತಿ ಬೇಕೇ ಬೇಕಾದರೆ ದೇವರ ಕೋಣೆಯಲ್ಲಿ ಒಂದೇ ಹಚ್ಚಿ, ಕೂಸಿನ ಕೋಣೆಯ ಬಾಗಿಲು ಮುಚ್ಚಿರಲಿ. ಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆದರೆ ಬೆಂಕಿಗೆ ಹಾಕುವುದು ಅಂಗಳದಲ್ಲಿ. ಸೊಳ್ಳೆ ಬತ್ತಿಯ ಸುರುಳಿ ಒಂದು ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು ಅಳೆದು ನೋಡಿದ್ದಾರೆ. ಅದರ ಬದಲು ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಿ. ಬಾಣಂತಿಗೆ ಶಾಖ ಕೊಡಲು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದಂತೂ ಎಂದಿಗೂ ಕೂಡದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ತಾಯಿ ಮಗು ಇಬ್ಬರನ್ನೂ ನಿದ್ದೆಯಲ್ಲೇ ಕೊಲ್ಲಬಲ್ಲದು. ಹಂಡೆ ಒಲೆಯ ಹೊಗೆ ಒಳಗೆ ನುಗ್ಗುವ ಮನೆಯಾದರೆ, ನೀರು ಕಾಯುವಷ್ಟು ಹೊತ್ತು ಕೂಸು ದೂರದ ಕೋಣೆಯಲ್ಲಿರಲಿ.

ಎದೆಹಾಲು ನಿಲ್ಲಿಸಬೇಡಿ

ತಾಯಿಯೇ ಸೇದುತ್ತಿದ್ದರೂ, ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಿದ್ದರೂ, ಎದೆಹಾಲು ಕೊಡುವುದೇ ಮೇಲು. ಎದೆಹಾಲು ಕುಡಿದ ಮಕ್ಕಳಲ್ಲಿ ಸಿಡ್ಸ್ ಕಡಿಮೆ. ನಿಕೋಟಿನ್ ಹಾಲಿಗೆ ಇಳಿಯುತ್ತದೆ, ಸುಮಾರು ಎರಡು ಗಂಟೆಗೆ ಅರ್ಧದಷ್ಟಾಗುತ್ತದೆ. ಆದ್ದರಿಂದ ಬಿಡಲು ಆಗದ ದಿನ ಮೊದಲು ಹಾಲು ಕುಡಿಸಿ, ಬೀಡಿ, ಕಡ್ಡಿಪುಡಿ ಏನಿದ್ದರೂ ಆಮೇಲೆ. ಕಡ್ಡಿಪುಡಿ ತಿಕ್ಕಿದ ಬೆರಳನ್ನು, ಅದು ಅಜ್ಜಿಯದೇ ಆಗಲಿ, ತೊಳೆಯದೆ ಕೂಸಿನ ಬಾಯಿಗೆ ಇಡಬಾರದು.

ಬಿಡಬೇಕೆನ್ನುವವರು 1800-11-2356ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ನಿಕೋಟಿನ್ ಗಮ್ ತೆಗೆದುಕೊಳ್ಳುವುದಾದರೆ, ಎದ್ದ ಅರ್ಧ ಗಂಟೆಯೊಳಗೇ ಮೊದಲ ಬೀಡಿ ಬೇಕೆನಿಸುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ಬಹಳ ಜನ ಅದನ್ನು ಚೂಯಿಂಗ್ ಗಮ್ಮಿನ ಹಾಗೆ ಅಗಿದು, ಬಿಕ್ಕಳಿಕೆ, ಹೊಟ್ಟೆ ತೊಳೆಸುವುದು ಶುರುವಾಗಿ ಬಿಟ್ಟುಬಿಡುತ್ತಾರೆ. ನಿಧಾನಕ್ಕೆ ಅಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ. ಚುರುಕು ಹೋದರೆ ಮತ್ತೆ ಅಗಿಯಿರಿ. ಒಂದು ಗಮ್ ಅರ್ಧ ಗಂಟೆ ಬರಬೇಕು. ಕಾಲು ಗಂಟೆ ಮುಂಚಿನಿಂದ ಕಾಫಿ, ಟೀ ಬೇಡ. ಬಸುರಿ, ಬಾಣಂತಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಸೊಸೆ ಮಾವನಿಗೆ ಹೇಳಲಾಗದ್ದನ್ನು ಅವರ ಬಾಯಿಂದ ಹೇಳಿಸಿ.

ತಡಮಾಡಬಾರದ ಹೊತ್ತು

ಮಗು ಅಳದೆ ಸುಮ್ಮನಿರುವಾಗ ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿಗೆ 50 ಅಥವಾ ಹೆಚ್ಚು ಬಂದರೆ ಅವತ್ತೇ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ನರಳುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಎಳೆಯದಿದ್ದರೆ 108ಕ್ಕೆ ಕರೆ ಮಾಡಿ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇವೆ. ಅಲ್ಲಿ ವೈದ್ಯರು ಕೇಳದಿದ್ದರೂ ಮನೆಯಲ್ಲಿ ಯಾರು ಸೇದುತ್ತಾರೆ, ಕೂಸು ಯಾರ ಪಕ್ಕ ಮಲಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿ.