ಮುಂಗೈಯಿಂದ ಒಂದು ನರ ಎರವಲು

ಗಾಜಿನ ಕಿಟಕಿ ಕೂರಿಸುವ ಹುಡುಗ, ವಯಸ್ಸು 24. ಗಾಜು ಜಾರಿ ಮೊಣಕೈಗಿಂತ ನಾಲ್ಕು ಬೆರಳು ಮೇಲೆ ತೋಳು ಕೊಯ್ದಿತ್ತು. ಅಲ್ನಾರ್ ನರ ಪೂರ್ತಿ ತುಂಡು. ಮೊಣಕೈ ಎಲ್ಲಾದರೂ ತಗುಲಿದರೆ ಕಿರುಬೆರಳಿನವರೆಗೂ ಜುಂ ಅನ್ನುತ್ತಲ್ವಾ, ಅದೇ ನರ. ಅವತ್ತು ರಾತ್ರಿಯೇ ಬೇರೆ ಕಡೆ ಹೊಲಿದಿದ್ದರು, ಚೆನ್ನಾಗಿಯೇ ಹೊಲಿದಿದ್ದರು. ನನ್ನ ಹತ್ತಿರ ಬಂದಿದ್ದು 7 ವಾರ ಆದ ಮೇಲೆ. ಕೀ ತಿರುಗಿಸೋಕೆ ಆಗುತ್ತಿರಲಿಲ್ಲ, ಬೆರಳು ಅಗಲಿಸೋಕೂ ಆಗುತ್ತಿರಲಿಲ್ಲ.

"ನರ ಹೊಲಿದಾಯ್ತಲ್ಲ ಡಾಕ್ಟ್ರೇ, ಮತ್ತೆ ಯಾಕೆ ಕೊಯ್ಯೋದು?" ಅಂದರು ಅವನ ತಾಯಿ. ಸರಿಯಾದ ಪ್ರಶ್ನೆಯೇ. ಹೊಲಿದ ನರ ದಿನಕ್ಕೆ ಹೆಚ್ಚುಕಡಿಮೆ 1 ಮಿ.ಮೀ. ಬೆಳೆಯುತ್ತದೆ. ಗಾಯದಿಂದ ಅಂಗೈಯ ಸಣ್ಣ ಸ್ನಾಯುಗಳಿಗೆ ಸುಮಾರು 40 ಸೆಂ.ಮೀ. ದೂರ, ಅಂದರೆ 400 ದಿನ. ನರವಿಲ್ಲದೆ ಒಂದು, ಒಂದೂವರೆ ವರ್ಷ ಬಿದ್ದಿದ್ದ ಸ್ನಾಯು ಆಮೇಲೆ ನರ ಬಂದರೂ ಸರಿಯಾಗಿ ಎಚ್ಚರಾಗುವುದಿಲ್ಲ. "ದಾರಿ ದೂರ ಅಮ್ಮಾ, ಹತ್ತಿರದಿಂದ ಇನ್ನೊಂದು ಬಸ್ಸು ಬಿಡಬೇಕು" ಅಂದೆ.

ಆ ಬಸ್ಸು ಸಿಗೋದು ಮುಂಗೈಯಲ್ಲೇ. ಅಂಗೈಯನ್ನು ಕೆಳಮುಖ ಮಾಡೋಕೆ ಎರಡು ಸ್ನಾಯುಗಳಿವೆ. ಮಣಿಕಟ್ಟಿನ ಹತ್ತಿರದ ಚೌಕಾಕಾರದ ಸ್ನಾಯುವಿನ ನರ ತೆಗೆದರೂ ಮೊಣಕೈ ಹತ್ತಿರದ್ದು ಕೆಲಸ ನಡೆಸುತ್ತದೆ. ಆ ನರವನ್ನು ಅಲ್ನಾರ್‌ನ ಚಲನೆಯ ಎಳೆಗೆ ಜೋಡಿಸುವುದೇ ಆಪರೇಷನ್.

ಕಷ್ಟ ಇರೋದು ಆ ಎಳೆ ಹುಡುಕುವುದರಲ್ಲಿ. ಕೊಡುವ ನರಕ್ಕೆ ಸ್ಟಿಮ್ಯುಲೇಟರ್ ಮುಟ್ಟಿಸಿದರೆ ಸ್ನಾಯು ಮಿಸುಕಿ ಉತ್ತರ ಹೇಳುತ್ತದೆ. ಅದಕ್ಕೇ ಸ್ನಾಯು ಸಡಿಲಿಸುವ ಔಷಧಿಯ ಪ್ರಭಾವ ಅಷ್ಟೊತ್ತಿಗೆ ಇಳಿದಿರಬೇಕು ಅಂತ ಅರಿವಳಿಕೆಯವರಿಗೆ ಮೊದಲೇ ಹೇಳಿಟ್ಟಿರುತ್ತೇನೆ. ಆದರೆ ಪಡೆಯುವ ನರ ಸತ್ತಿದೆ, ಕರೆಂಟ್ ಕೊಟ್ಟರೂ ಮಾತಾಡಲ್ಲ. ಹಾಗಾಗಿ ಅಂಗೈ ಬುಡದಲ್ಲಿ ಅದು ಕವಲೊಡೆಯುವ ಜಾಗ ತೆರೆದು, ಆಳಕ್ಕೆ ಹೋಗುವ ಕವಲನ್ನು ಕಣ್ಣಲ್ಲೇ ಹಿಡಿದು ಮೇಲಕ್ಕೆ ಬರುತ್ತೇನೆ. ಮುಂಗೈಯಲ್ಲಿ ಅದು ಎರಡು ಸ್ಪರ್ಶದ ಎಳೆಗಳ ನಡುವೆ ಮಲಗಿರುತ್ತದೆ. ತಪ್ಪು ಎಳೆಗೆ ಹೊಲಿದರೆ ಎಲ್ಲಾ ದಂಡ. ಕೊಡುವ ನರವನ್ನು ಆದಷ್ಟು ಕೆಳಗೆ, ಪಡೆಯುವುದನ್ನು ಆದಷ್ಟು ಮೇಲೆ ಕತ್ತರಿಸಬೇಕು, ಆಗಲೇ ಎಳೆತವಿಲ್ಲದೆ ಸೇರುತ್ತವೆ. ಮೈಕ್ರೋಸ್ಕೋಪ್ ಕೆಳಗೆ, ಕೂದಲಿಗಿಂತ ತೆಳುವಾದ 9-0 ನೈಲಾನ್‌ನಲ್ಲಿ ಮೂರು ಹೊಲಿಗೆ. ಆಮೇಲೆ ಕೈಯನ್ನು ಎಲ್ಲಾ ಕಡೆ ತಿರುಗಿಸಿ ನೋಡಿದೆ, ಬಿಗಿಯಲಿಲ್ಲ.

ಒಂದು ವಿಷಯ ಮೊದಲೇ ಹೇಳಿದ್ದೆ: ಇದು ಚಲನೆಗೆ ಮಾತ್ರ, ಕಿರುಬೆರಳಿನ ಸ್ಪರ್ಶಕ್ಕೆ ಹಳೆಯ ಹೊಲಿಗೆಯನ್ನೇ ಕಾಯಬೇಕು. ಆದರೂ ಬಿಸಿ ಟೀ ಲೋಟ ಹಿಡಿದು ಬೊಬ್ಬೆ ಎಬ್ಬಿಸಿಕೊಂಡು ಬಂದ!

ನಾಲ್ಕು ತಿಂಗಳು ಏನೂ ಇಲ್ಲ. ಅವನಿಗಿಂತ ಜಾಸ್ತಿ ನನಗೇ ಚಡಪಡಿಕೆ. ಐದನೇ ತಿಂಗಳಲ್ಲಿ ತೋರುಬೆರಳಿನ ಬುಡದಲ್ಲಿ ಚಿಕ್ಕ ಅದುರು ಕಾಣಿಸಿತು, ಅದೂ ಅಂಗೈಯನ್ನು ಜೋರಾಗಿ ಕೆಳಮುಖ ಮಾಡಿದಾಗ ಮಾತ್ರ. ಮಿದುಳಿಗೆ ಆ ನರದ ಹಳೆಯ ಕೆಲಸವಷ್ಟೇ ಗೊತ್ತಲ್ವಾ. ಫಿಸಿಯೋದವರು ತಿಂಗಳುಗಟ್ಟಲೆ ಅದನ್ನೇ ಮಾಡಿಸಿದರು: ಅಂಗೈ ತಿರುಗಿಸು, ಜೊತೆಗೇ ಬೆರಳು ಅಗಲಿಸು. ಒಂದು ದಿನ ಮಾಡಿಸದೆ ಬಿಟ್ಟಿದ್ದರೂ ನನ್ನ ಹೊಲಿಗೆ ಸುಮ್ನೆ ಹೊಲಿಗೆಯಾಗೇ ಉಳಿಯುತ್ತಿತ್ತೇನೋ, ಅಷ್ಟು ಅವರ ಕೆಲಸ.

ಒಂದೂವರೆ ವರ್ಷ ಆಗಿದೆ. ಹಿಡಿತ ಇನ್ನೂ ಎಡಗೈಯಷ್ಟಿಲ್ಲ. ಬೆರಳು ಅಗಲಿಸು ಅಂದರೆ ಅಗಲಿಸುತ್ತಾನೆ, ಅಂಗೈ ತಿರುಗಿಸದೆಯೇ. ಅದನ್ನು ಯಾವಾಗ ಬಿಟ್ಟೆ ಅಂತ ಕೇಳಿದೆ. "ಏನನ್ನ ಸಾರ್?" ಅಂದ.