ಏರಿಗೆ ಮಾತ್ರ ಪಥ: ಮಡಿಕೇರಿಯ ರಸ್ತೆಯೊಂದರಲ್ಲಿ ನನ್ನ ಅನುಭವ

ಬೆಂಗಳೂರಿನಲ್ಲಿ ರಸ್ತೆ ವಿನ್ಯಾಸದ ಕೆಲಸದಲ್ಲಿದ್ದ ನಾನು ಮಡಿಕೇರಿಗೆ ಮರಳಿದ ಮೇಲೂ ಸೈಕಲ್ಲನ್ನು ಬಿಡಲಿಲ್ಲ. ಮನೆಯಿಂದ ಕಚೇರಿಗೆ ಎರಡೂವರೆ ಕಿ.ಮೀ.; ಬೆಳಿಗ್ಗೆ ಏರು, ಸಂಜೆ ಇಳಿಜಾರು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಈ ಗುಡ್ಡದೂರಿನಲ್ಲಿ ಸೈಕಲ್ ಪಥದ ಮಾತೆತ್ತಿದರೆ ನಗುವವರೇ ಹೆಚ್ಚು. ಆದರೂ ನಾನು ದಿನವೂ ತುಳಿಯುವ ರಸ್ತೆಯ 600 ಮೀಟರ್ ಉದ್ದಕ್ಕೆ ಪ್ರಾಯೋಗಿಕವಾಗಿ ಪಥವೊಂದನ್ನು ರೂಪಿಸಿಕೊಡುವಂತೆ ಕೇಳಿದಾಗ ಒಪ್ಪಿಕೊಂಡೆ.

ಟಾರಿನ ಅಗಲ 7 ಮೀಟರ್. ಒಂದು ಬದಿಗೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ; ಇನ್ನೊಂದು ಬದಿಗೆ ತಡೆಗೋಡೆ. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡವರು ರಸ್ತೆ ಅಗಲಿಸಲು ಬರೆ ಕಡಿಯುವ ಮಾತನ್ನು ಹಗುರವಾಗಿ ಆಡುವುದಿಲ್ಲವಾದ್ದರಿಂದ, ಇರುವ ಅಗಲದಲ್ಲೇ ಪಥ ಹೊಂದಿಸಬೇಕಿತ್ತು. ವಾಹನಗಳಿಗೆ ಎರಡೂ ದಿಕ್ಕಿನಲ್ಲಿ 2.75 ಮೀಟರ್ ಬಿಟ್ಟರೆ ಉಳಿಯುವುದು ಒಂದೂವರೆ ಮೀಟರ್. ಅದನ್ನು ಎರಡು ಬದಿಗೂ ಹಂಚಿದರೆ ಒಂದೊಂದಕ್ಕೆ ಮುಕ್ಕಾಲು ಮೀಟರ್. ನನ್ನ ಸೈಕಲ್ಲಿನ ಹ್ಯಾಂಡಲ್ ಒಂದೇ 60 ಸೆಂಟಿಮೀಟರ್ ಇದೆ. ಹಾಗೆ ಹಂಚುವುದೆಂದರೆ ಸವಾರನನ್ನು ಚರಂಡಿಯ ಅಂಚಿಗೆ ನೂಕಿದಂತೆಯೇ ಸರಿ.

ಆದ್ದರಿಂದ ಒಂದೂವರೆ ಮೀಟರನ್ನೂ ಏರುವ ಬದಿಗೇ ಕೊಟ್ಟೆ. ವೇಗ ಗಂಟೆಗೆ 10–12 ಕಿ.ಮೀ.ಗಿಂತ ಕೆಳಗಿಳಿದಾಗ ಸೈಕಲ್ ತೂಗಾಡುತ್ತದೆ. ಏರಿನಲ್ಲಿ ನೇರ ಗೆರೆಯಂತೆ ಸಾಗುವುದು ಪಳಗಿದವರಿಗೂ ಕಷ್ಟ. ಹಿಂದಿನಿಂದ ಬರುವ ಜೀಪಿಗೂ ಸವಾರನಿಗೂ ಇರುವ ವೇಗದ ಅಂತರ ಅಲ್ಲಿಯೇ ಅತಿ ಹೆಚ್ಚು. ಇಳಿಜಾರಿನಲ್ಲಾದರೋ ಸೈಕಲ್ ಪೇಟೆಯ ವಾಹನಗಳ ವೇಗಕ್ಕೇ ಸಮನಾಗುತ್ತದೆ, ಮಳೆಯಲ್ಲಿ ರಿಮ್ ಬ್ರೇಕ್ ತಡವಾಗಿ ಹಿಡಿಯುತ್ತದೆ. ಅಂಥ ಹೊತ್ತಿನಲ್ಲಿ ಇಕ್ಕಟ್ಟಾದ ಪಥಕ್ಕಿಂತ ರಸ್ತೆಯ ನಡುವೆ ಎಲ್ಲರಿಗೂ ಕಾಣುವಂತೆ ಸಾಗುವುದೇ ಕ್ಷೇಮ.

ಮೊದಲು ಬಿಳಿ ಗೆರೆಯನ್ನಷ್ಟೇ ಎಳೆಸಿದೆ. ಅದು ಮೊದಲ ಶನಿವಾರವೇ ಸೋತಿತು. ಪ್ರವಾಸಿಗರ ಕಾರುಗಳು ಪಥದುದ್ದಕ್ಕೂ ಸಾಲಾಗಿ ನಿಂತವು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೊಲಾರ್ಡ್ (ಗಿಡ್ಡ ತಡೆಕಂಬ) ನೆಟ್ಟು ಮಾಡಿದ ಸೈಕಲ್ ಪಥದಲ್ಲಿ ಓಡಾಡಿದ್ದ ನನಗೆ ಇದು ಮೊದಲೇ ಹೊಳೆಯಬೇಕಿತ್ತು: ಅಲ್ಲಿ ಬೊಲಾರ್ಡ್ ಕಿತ್ತುಹೋದಲ್ಲೆಲ್ಲ ಸ್ಕೂಟರುಗಳು ಒಳನುಗ್ಗುತ್ತಿದ್ದವು.

ಎರಡನೆಯ ಸಲ ಆ ಗೆರೆಯುದ್ದಕ್ಕೂ ಸೈಜುಗಲ್ಲುಗಳನ್ನು ಒತ್ತಾಗಿ ಜೋಡಿಸಿದೆವು. ಕೆಲಸ ನೋಡುತ್ತಿದ್ದ ಜೀಪ್ ಚಾಲಕರೊಬ್ಬರು, “ಸರ್, ಮಳೆ ಶುರುವಾದರೆ ನೀರು ಎಲ್ಲಿಗೆ ಹೋಗ್ತದೆ?” ಎಂದು ಕೇಳಿದರು. ನಾನು ಇಳಿಜಾರಿನ ಲೆಕ್ಕ ಹೇಳಿ ಸಮಾಧಾನಪಡಿಸಿದೆ. ಜೂನ್ ಮೂರನೆಯ ವಾರ ರಸ್ತೆಯ ನೀರು ಚರಂಡಿ ಸೇರಲಾರದೆ ಕಲ್ಲಿನ ಹೊರಗೇ ಹರಿಯಿತು. ಬರೆಯಿಂದಿಳಿದ ಕೆಸರು ಕಲ್ಲಿನ ಒಳಗೆ ಪಥದಲ್ಲೇ ತುಂಬಿಕೊಂಡಿತು. ಪ್ರತಿ ಎರಡು ಕಲ್ಲಿಗೊಂದರಂತೆ ಕಿತ್ತು ಸಂದು ಬಿಡಿಸಿದ ಮೇಲೆ ನೀರಿಗೂ ಕೆಸರಿಗೂ ದಾರಿಯಾಯಿತು, ಕಾರುಗಳಿಗೆ ಮಾತ್ರ ಆಗಲಿಲ್ಲ. ಮೋರಿಯ ಜಾಲರಿಯ ಕಂಬಿಗಳು ಸಾಗುವ ದಿಕ್ಕಿನಲ್ಲೇ ಇದ್ದು ತೆಳ್ಳನೆಯ ಚಕ್ರ ಸಿಕ್ಕಿಬೀಳುವಂತಿದ್ದುದರಿಂದ ಅವನ್ನೂ ಅಡ್ಡಕ್ಕೆ ತಿರುಗಿಸಿದೆವು. ಸಿಲ್ವರ್ ಓಕ್ ನೆರಳಿನಲ್ಲಿ ಕಟ್ಟುವ ಪಾಚಿಗೆ ಗಟ್ಟಿ ಪೊರಕೆಯ ಹೊರತು ಬೇರೆ ಉಪಾಯ ಸಿಕ್ಕಿಲ್ಲ.

ಅಡ್ಡರಸ್ತೆಯೊಂದು ಕೂಡುವಲ್ಲಿ ಎಡಕ್ಕೆ ತಿರುಗುವ ವಾಹನಗಳು ಸೈಕಲ್ಲಿಗೆ ಅಡ್ಡ ಬರುತ್ತಿದ್ದವು. ಮೂಲೆಯ ದುಂಡನ್ನು ಚಿಕ್ಕದಾಗಿಸಿ, ಪಥವನ್ನು ಅಡ್ಡರಸ್ತೆಯ ಬಾಯಿಯಲ್ಲಿ ಹಂಪಿನಂತೆ ಎತ್ತರಿಸಿದ ಅನಂತರ ಚಾಲಕರು ನಿಧಾನಿಸಿ ತಿರುಗುತ್ತಿದ್ದಾರೆ.

ಬಗೆಹರಿಯದೆ ಉಳಿದಿರುವುದು ಮೇಲಿನ ಎಡತಿರುವು. ಬಸ್ಸಿನ ಹಿಂದಿನ ಚಕ್ರ ತಿರುವಿನಲ್ಲಿ ಮುಂದಿನ ಚಕ್ರಕ್ಕಿಂತ ಒಳಗೆ ಹಾಯುತ್ತದೆ. ಎರಡು ಬಾರಿ ಕಲ್ಲುಗಳನ್ನು ಕಿತ್ತೆಸೆದದ್ದೂ ಅದೇ. ಅಲ್ಲೀಗ ಕಲ್ಲು ಇಡಿಸಿಲ್ಲ. ಬೆಳಿಗ್ಗೆ ಆ ತಿರುವು ಬಂದಾಗ ನಾನೂ ಹಿಂದಕ್ಕೆ ನೋಡಿ, ಬಸ್ ಬರುತ್ತಿದ್ದರೆ ಇಳಿದು ನಿಲ್ಲುತ್ತೇನೆ.