ಹಳೆ ಕಾರು ಕೊಳ್ಳುವ ಮೊದಲು ನಾನು ನೋಡುವುದು

ಮನೆಮಂದಿಗೆಲ್ಲ ಆಗುವ ಕಾರು ಬೇಕು, ಕೈಯಲ್ಲಿ ದುಡ್ಡು ಕಮ್ಮಿ ಅಂದರೆ ನಾನು ಮೊದಲು ಕೇಳುವುದು ಸರ್ವೀಸ್ ದಾಖಲೆ. ಜಾಸ್ತಿ ಓಡಿದ್ದರೂ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಗಾಡಿಯೇ ವಾಸಿ. ಮೀಟರನ್ನೇ ನಂಬಬೇಡಿ. ಅದು 30,000 ಕಿ.ಮೀ. ತೋರಿಸುತ್ತಿದ್ದು, ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಅನುಮಾನ ಪಡಿ.

ಎಂಜಿನ್ ಮೊದಲೇ ಬಿಸಿ ಮಾಡಿಡಬೇಡಿ ಅಂತ ಮಾರುವವರಿಗೆ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಆಗ ಸ್ಟಾರ್ಟ್ ಮಾಡಿದರೇನೇ ಕಾಯಿಲೆ ಗೊತ್ತಾಗುವುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಒಳಗೆ ಸೋರುತ್ತಿರಬಹುದು. ಅಂಥದ್ದು ಬೇಡವೇ ಬೇಡ.

ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರಲ್ಲಿ ಮುಳುಗಿದ್ದಿರಬಹುದು. ಟೈರಿನ ಬದಿಯ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು.

ಅಕ್ಕನಿಗೆ ಕಾರು ನೋಡುವಾಗ ಮಗುವಿನ ಸೀಟನ್ನೂ ಒಯ್ದಿದ್ದೆವು. ಅದನ್ನು ಹಿಂದೆ ಕೂರಿಸಿದರೆ ಮುಂದಿನವರಿಗೆ ಕಾಲಿಡಲು ಜಾಗವೇ ಇಲ್ಲ! ನೀವೂ ಒಯ್ಯಿರಿ.

ಇರುವ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡಿ. ಟೈರು, ಬ್ಯಾಟರಿಗೆ ಅಂತ ಒಂದು ಪಾಲು ಎತ್ತಿಡಿ. ಕೊನೆಗೆ ನಂಬಿಕೆಯ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಗಾಡಿಯ ಅಡಿಭಾಗವನ್ನೂ ತೋರಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಸುಮ್ನೆ ಬಂದುಬಿಡಿ.